ಕೆಂಪು ಬಟ್ಟೆಯ ಕಣಿವೆಯಿಂದ ಕಡಲ ತಳಕ್ಕೆ

ಸ್ಕಾಟ್ಲೆಂಡಿನಲ್ಲಿ ಲೆವೆನ್ ಎಂಬ ಪುಟ್ಟ ಹೊಳೆಯೊಂದಿದೆ. ಲೋಮಂಡ್ ಸರೋವರದಿಂದ ಹೊರಟು ಹತ್ತು ಹನ್ನೊಂದು ಕಿಲೋಮೀಟರ್ ಹರಿಯುವಷ್ಟರಲ್ಲಿ ಕ್ಲೈಡ್ ನದಿಗೆ ಸೇರಿ ಮುಗಿದೇ ಹೋಗುತ್ತದೆ. 19ನೆಯ ಶತಮಾನದಲ್ಲಿ ಅದರ ದಂಡೆಯುದ್ದಕ್ಕೂ ಬಣ್ಣದ ಕಾರ್ಖಾನೆಗಳು. ಬಿಸಿಲಿಗೂ ಬಗ್ಗದ, ಒಗೆತಕ್ಕೂ ಮಾಸದ ‘ಟರ್ಕಿ ಕೆಂಪು’ ಅಲ್ಲಿನ ಹೆಸರುವಾಸಿ ಬಣ್ಣ. ಆ ಕೆಂಪು ಬಟ್ಟೆಯೆಲ್ಲ ಯಾರಿಗೆ ಅಂತೀರಿ? ಬಹುಪಾಲು ನಮಗೇ! ನವಿಲಿನ ಅಚ್ಚು ಹಾಕಿಸಿಕೊಂಡು, ನಮ್ಮದೇ ದೇವರುಗಳ ಬಣ್ಣದ ಚೀಟಿ ಅಂಟಿಸಿಕೊಂಡು, ಹಡಗು ಹತ್ತಿ ಹಿಂದೂಸ್ಥಾನದ ಪೇಟೆಗಳಿಗೆ ಬರುತ್ತಿತ್ತು.

ಆ ಕಣಿವೆಯಲ್ಲಿ 1816ರ ಸೆಪ್ಟೆಂಬರ್ 10ರಂದು ಒಬ್ಬ ಹುಡುಗ ಹುಟ್ಟಿದ. ಹೆಸರು ಜಾನ್ ಪೆಂಡರ್. ಬಟ್ಟೆ ಮಾರಿದ. ಚುನಾವಣೆಗೆ ನಿಂತು ಲಿಬರಲ್ ಪಕ್ಷದಿಂದ ಬ್ರಿಟಿಷ್ ಸಂಸತ್ತಿಗೆ ಹೋದ. ಲಂಚದ ಆರೋಪದಲ್ಲಿ ಸ್ಥಾನ ಕಳೆದುಕೊಂಡ. ಮತ್ತೆ ಗೆದ್ದ, ಮತ್ತೆ ಸೋತ, ಮುಪ್ಪಿನಲ್ಲಿ ಮತ್ತೊಮ್ಮೆ ಗೆದ್ದ. ಇಷ್ಟೇ ಆಗಿದ್ದರೆ ಸಂಸತ್ತಿನ ಹಳೆಯ ಪಟ್ಟಿಗಳಲ್ಲಿ ಧೂಳು ತಿನ್ನುವ ನೂರಾರು ಹೆಸರುಗಳಲ್ಲಿ ಇದೂ ಒಂದಾಗುತ್ತಿತ್ತು. ಆದರೆ ಇದೇ ಮನುಷ್ಯ ಕಡಲ ತಳದಲ್ಲಿ ಭೂಮಂಡಲವನ್ನೇ ಸುತ್ತುವಷ್ಟು ತಂತಿ ಹಾಸಿಸಿದ. ಒಂದು ಸುತ್ತಲ್ಲ, ಮೂರು ಸುತ್ತು! 1896ರಲ್ಲಿ ಸಾಯುವಾಗ ಅವನ ಕೈಕೆಳಗಿದ್ದ ಕಂಪನಿಗಳ ಬಳಿ 70 ಸಾವಿರ ನಾಟಿಕಲ್ ಮೈಲಿಗೂ ಮೀರಿದ ಕೇಬಲ್ ಇತ್ತು. ಇಂದು ಬೆಂಗಳೂರಿನಲ್ಲಿ ಕೂತು ಲಂಡನ್ನಿಗೋ ಸಿಂಗಪುರಕ್ಕೋ ಒಂದು ಫೋಟೋ ಕಳಿಸಿದರೆ ಅದು ಹೆಚ್ಚುಕಡಿಮೆ ಅವನು ಹಿಡಿದ ದಾರಿಯಲ್ಲೇ ಓಡುತ್ತದೆ. ಇಷ್ಟಾಗಿಯೂ ಅವನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ!

ಪೆಂಡರ್ ವಿಜ್ಞಾನಿಯಲ್ಲ, ಎಂಜಿನಿಯರ್ ಅಲ್ಲ. ಗ್ಲಾಸ್ಗೋ ಹೈಸ್ಕೂಲಿನಲ್ಲಿ ಚಿತ್ರವಿನ್ಯಾಸಕ್ಕೆ ಚಿನ್ನದ ಪದಕ ಪಡೆದವನು. ಕಾರ್ಖಾನೆಯೊಂದರ ಲೆಕ್ಕದ ಮನೆ ಸೇರಿ, 21 ತುಂಬುವಷ್ಟರಲ್ಲಿ ಅದರ ಮ್ಯಾನೇಜರ್ ಆದ. ಆಮೇಲೆ ಗ್ಲಾಸ್ಗೋದಲ್ಲಿ, ಅನಂತರ ಮ್ಯಾಂಚೆಸ್ಟರಿನಲ್ಲಿ ಸ್ವಂತ ಬಟ್ಟೆ ವ್ಯಾಪಾರ. ದೂರದೇಶಗಳಿಗೆ ಜವಳಿ ಕಳಿಸುವವನಿಗೆ ಎಲ್ಲಕ್ಕಿಂತ ದುಬಾರಿಯಾದದ್ದು ಕಾಯುವ ಕಾಲ. ಸರಕು ಅಲ್ಲಿಗೆ ಮುಟ್ಟಿತೇ, ದರ ಏರಿತೇ, ಬಿದ್ದಿತೇ? ಉತ್ತರ ಬರುವುದು ಹಡಗಿನಲ್ಲಿ. ಅಷ್ಟರಲ್ಲಿ ಪೇಟೆಯೇ ತಲೆಕೆಳಗಾಗಿರುತ್ತಿತ್ತು. ತಂತಿಯ ಸುದ್ದಿ ಕಿವಿಗೆ ಬಿದ್ದಾಗ ಮ್ಯಾಂಚೆಸ್ಟರಿನ ಈ ವ್ಯಾಪಾರಿಯ ಕಿವಿ ನೆಟ್ಟಗಾದದ್ದು ಸಹಜ. ಇಂಗ್ಲೆಂಡಿಗೂ ಐರ್ಲೆಂಡಿಗೂ ತಂತಿ ಎಳೆದ ಮ್ಯಾಗ್ನೆಟಿಕ್ ಟೆಲಿಗ್ರಾಫ್ ಕಂಪನಿಯ ನಿರ್ದೇಶಕನಾದ. ಅಲ್ಲಿಗೆ ನಿಲ್ಲಲಿಲ್ಲ.

ಅಟ್ಲಾಂಟಿಕ್ ಸಾಗರ! ಅದರ ತಳದಲ್ಲಿ ತಂತಿ ಹಾಸಿ ಐರ್ಲೆಂಡಿನಿಂದ ಅಮೆರಿಕಕ್ಕೆ ಮಾತಾಡಬೇಕು ಎಂಬ ಹುಚ್ಚಿಗೆ 1856ರಲ್ಲಿ ತಲಾ 1,000 ಪೌಂಡು ಹಾಕಿದವರು 345 ಮಂದಿ. ಅವರಲ್ಲಿ ಪೆಂಡರ್ ಒಬ್ಬ. 1857ರಲ್ಲಿ ಕೇಬಲ್ ತುಂಡಾಗಿ ತಳ ಸೇರಿತು. 1858ರ ಆಗಸ್ಟಿನಲ್ಲಿ ಹೇಗೋ ದಡ ಮುಟ್ಟಿತು. ವಿಕ್ಟೋರಿಯಾ ರಾಣಿಯ ನೂರಕ್ಕೂ ಕಡಿಮೆ ಪದಗಳ ಸಂದೇಶ ಆಚೆ ದಡ ತಲುಪಲು ಸುಮಾರು 16 ಗಂಟೆ ಹಿಡಿಯಿತು. ಆದರೂ ನ್ಯೂಯಾರ್ಕಿನಲ್ಲಿ ಬಾಣಬಿರುಸು, ಮೆರವಣಿಗೆ! ಸಂಭ್ರಮ ಇಳಿಯುವ ಮುನ್ನವೇ ಕೇಬಲ್ ಮೂಕವಾಯಿತು. ವೈಲ್ಡ್‌ಮನ್ ವೈಟ್‌ಹೌಸ್ ಎಂಬ ವೈದ್ಯ ಅಲ್ಲಿ ವಿದ್ಯುತ್ತಿನ ಉಸ್ತುವಾರಿ ಹೊತ್ತಿದ್ದ. ಸದ್ದು ಸಾಲದೆಂದು ಸುಮಾರು 2,000 ವೋಲ್ಟ್ ಒತ್ತಡ ನುಗ್ಗಿಸಿ, ಮೊದಲೇ ಬಡಕಲಾಗಿದ್ದ ಆ ತಂತಿಯನ್ನು ಮುಗಿಸಿಯೇಬಿಟ್ಟ.

345 ಮಂದಿಯ ದುಡ್ಡು ನೀರುಪಾಲು. ಉಳಿದವರು ತಲೆಯ ಮೇಲೆ ಕೈ ಹೊತ್ತು ಕೂತಾಗ ಪೆಂಡರ್ ಮಾಡಿದ್ದೇನು? ಸೋಲು ಎಲ್ಲಿ ನಡೆಯಿತು ಎಂದು ವ್ಯಾಪಾರಿಯ ಕಣ್ಣಿನಿಂದ ನೋಡಿದ. ತಾಮ್ರದ ತಂತಿಗೆ ಗಟಾಪರ್ಚಾ ಹೊದಿಸುವ ಕಂಪನಿ ಒಂದು, ಅದರ ಮೇಲೆ ಕಬ್ಬಿಣದ ಕವಚ ಸುತ್ತುವ ಕಂಪನಿ ಮತ್ತೊಂದು. ಕೇಬಲ್ ಕೆಟ್ಟರೆ ಇಬ್ಬರೂ ಬೆರಳು ತೋರುವುದು ಪಕ್ಕದವನ ಕಡೆಗೆ. 1864ರಲ್ಲಿ ಎರಡನ್ನೂ ಒಂದು ಮಾಡಿ ಟೆಲಿಗ್ರಾಫ್ ಕನ್‌ಸ್ಟ್ರಕ್ಷನ್ ಅಂಡ್ ಮೇಂಟೆನೆನ್ಸ್ ಕಂಪನಿ ಕಟ್ಟಿದ, ತಾನೇ ಅಧ್ಯಕ್ಷನಾದ. ಈ ಸಾಹಸದ ಬೆನ್ನಿಗೆ ಅವನು ಹೊತ್ತ ಸ್ವಂತ ಹೊಣೆಯ ಮೊತ್ತ ಕೇಳಿ: 2,50,000 ಪೌಂಡು! ಕಡಲಿನ ತಳದಲ್ಲಿ, ಯಾರೂ ಕಣ್ಣಿಂದ ಕಾಣಲಾಗದ ಜಾಗದಲ್ಲಿ ಮಲಗಲಿರುವ ಒಂದು ತಂತಿಗಾಗಿ ಬಟ್ಟೆ ವ್ಯಾಪಾರಿಯೊಬ್ಬ ತನ್ನ ಸರ್ವಸ್ವವನ್ನೂ ಪಣಕ್ಕಿಟ್ಟ.

ಗಟಾಪರ್ಚಾ ಎಂದರೇನೆಂದು ಹೇಳದೆ ಮುಂದೆ ಹೋಗಲಾರೆ. ಮಲಯ ದ್ವೀಪಗಳ ಕಾಡಿನ ಒಂದು ಮರದ ಹಾಲು ಅದು. ನಮ್ಮ ಹಲಸಿನ ಮೇಣವನ್ನು ನೆನೆಸಿಕೊಳ್ಳಿ. ಬಿಸಿನೀರಿಗೆ ಹಾಕಿದರೆ ಮೆದುವಾಗಿ ಹೇಳಿದಂತೆ ಕೇಳುತ್ತದೆ, ತಣ್ಣಗಾದರೆ ಗಟ್ಟಿ. ರಬ್ಬರ್ ಉಪ್ಪುನೀರಿನಲ್ಲಿ ಹಾಳಾದರೆ ಇದು ಕಡಲ ತಳದ ಚಳಿಯಲ್ಲಿ, ಒತ್ತಡದಲ್ಲಿ ಇನ್ನಷ್ಟು ಚೆನ್ನಾಗಿರುತ್ತದೆ. ಸಾಗರದ ತಂತಿಗೆಂದೇ ಪ್ರಕೃತಿ ಬಚ್ಚಿಟ್ಟಂತಿದ್ದ ವಸ್ತು! ಆದರೆ ಹಾಲು ತೆಗೆಯಲು ಮರವನ್ನೇ ಕಡಿದು ಕೆಡವುತ್ತಿದ್ದರು. ಅಟ್ಲಾಂಟಿಕ್ ಕೇಬಲ್ಲಿಗೆ ಒಂದೊಂದು ನಾಟಿಕಲ್ ಮೈಲಿಗೂ 400 ಪೌಂಡು ತೂಕದ ಗಟಾಪರ್ಚಾ ಬೇಕಿತ್ತು. ಸಿಂಗಪುರದ ಸುತ್ತಲಿನ ಆ ಮರಗಳು ಕೆಲವೇ ದಶಕಗಳಲ್ಲಿ ಬರಿದಾದವು. ಲಂಡನ್ನಿನ ಷೇರುಪೇಟೆ ಕುಣಿದಾಗಲೆಲ್ಲ ಮಲಯದಲ್ಲಿ ಮರ ಉರುಳುತ್ತಿತ್ತು. ಪೆಂಡರನ ಸಾಮ್ರಾಜ್ಯದ ಲೆಕ್ಕಪತ್ರದಲ್ಲಿ ಈ ಬಾಬತ್ತು ಎಲ್ಲೂ ಬರಲಿಲ್ಲ.

ಇನ್ನು ಹಡಗು. ಎಂಜಿನಿಯರ್ ಬ್ರುನೆಲ್ ಕಟ್ಟಿದ ಗ್ರೇಟ್ ಈಸ್ಟರ್ನ್ 211 ಮೀಟರ್ ಉದ್ದದ, ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ಹಡಗು. ಪ್ರಯಾಣಿಕರನ್ನು ಸಾಗಿಸಲು ಹೋಗಿ ಮಾಲೀಕರನ್ನೆಲ್ಲ ದಿವಾಳಿ ಎಬ್ಬಿಸಿದ ಬಿಳಿಯಾನೆ. 1864ರಲ್ಲಿ ಹರಾಜಿನಲ್ಲಿ ಬರೀ 25,000 ಪೌಂಡಿಗೆ ಹೋಯಿತು! ಕೊಂಡ ಡೇನಿಯಲ್ ಗೂಚ್ ಅದನ್ನು ಕೇಬಲ್ ಕೆಲಸಕ್ಕೆ ಕೊಟ್ಟ. ಅಟ್ಲಾಂಟಿಕ್ಕಿಗೆ ಬೇಕಾದ ಇಡೀ ಕೇಬಲ್ಲನ್ನು ಒಂದೇ ಹೊಟ್ಟೆಯಲ್ಲಿ ಹೊರಬಲ್ಲ ಹಡಗು ಅದೊಂದೇ. ಯಾರಿಗೂ ಬೇಡವಾಗಿದ್ದ ಅದರ ಗಾತ್ರವೇ ಈಗ ವರ. 1865ರ ಆಗಸ್ಟ್ 2ರಂದು ನಡುಸಾಗರದಲ್ಲಿ, ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ ಹಾಸಿ ಆದ ಮೇಲೆ, ಕೇಬಲ್ ಮತ್ತೆ ಪಟ್ಟನೆ ತುಂಡಾಯಿತು. ಬಿಟ್ಟರೇ? ಮರುವರ್ಷ ಹೊಸ ಕಂಪನಿ, ಹೊಸ ಬಂಡವಾಳ, ಹೊಸ ಕೇಬಲ್. 1866ರ ಜುಲೈ 27ರಂದು ನ್ಯೂಫೌಂಡ್‌ಲ್ಯಾಂಡಿನ ಹಾರ್ಟ್ಸ್ ಕಂಟೆಂಟ್ ಎಂಬ ಮೀನುಗಾರರ ಹಳ್ಳಿಗೆ ಕೇಬಲ್ ಮುಟ್ಟಿತು. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಹಡಗು ಹಿಂದಿರುಗಿ ಹೋಗಿ, ಹಿಂದಿನ ವರ್ಷ ಕಳೆದುಹೋಗಿದ್ದ ತುದಿಯನ್ನು ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಕೊಕ್ಕೆ ಹಾಕಿ ಎತ್ತಿ, ಬೆಸೆದು, ಎರಡನೆಯ ತಂತಿಯನ್ನೂ ಪೂರ್ತಿಮಾಡಿತು! ಗಾಳಕ್ಕೆ ಸಿಕ್ಕಿದ್ದು ಕೈಬೆರಳಿನಷ್ಟು ದಪ್ಪದ ಹಗ್ಗ. ಹುಡುಕಿದ್ದು ಅಟ್ಲಾಂಟಿಕ್ಕಿನಲ್ಲಿ. ಓದಿದಾಗಲೆಲ್ಲ ಮೈ ಜುಂ ಎನ್ನುತ್ತದೆ.

ಸರಿ, ಸನ್ಮಾನಗಳ ಸುರಿಮಳೆ ಆಯಿತು. ವಿಜ್ಞಾನಿ ವಿಲಿಯಂ ಥಾಮ್ಸನ್, ಎಂಜಿನಿಯರ್ ಕ್ಯಾನಿಂಗ್, ಹಡಗಿನ ಕ್ಯಾಪ್ಟನ್ ಆ್ಯಂಡರ್ಸನ್ ‘ಸರ್’ ಆದರು. ಗೂಚ್‌ಗಂತೂ ವಂಶಪಾರಂಪರ್ಯದ ಬ್ಯಾರನೆಟ್ ಪಟ್ಟವೇ ಸಿಕ್ಕಿತು. ಹಣದ ಹೊಣೆ ಹೊತ್ತ ಪೆಂಡರನಿಗೆ? ಏನೂ ಇಲ್ಲ!

ಇಲ್ಲೇ ರಾಜಕೀಯ ಬರುವುದು. 1862ರಲ್ಲಿ ಪೆಂಡರ್ ಟಾಟ್ನೆಸ್ ಎಂಬ ಡೆವನ್ ಜಿಲ್ಲೆಯ ಪುಟ್ಟ ಪಟ್ಟಣದಿಂದ ಲಿಬರಲ್ ಸದಸ್ಯನಾಗಿ ಆರಿಸಿಬಂದಿದ್ದ. 1865ರಲ್ಲಿ ಮತ್ತೆ ಗೆದ್ದ. ಟಾಟ್ನೆಸ್ಸಿನ ಮತದಾರರು ಕೆಲವೇ ನೂರು ಮಂದಿ, ಗುಪ್ತ ಮತದಾನ ಇನ್ನೂ ಬಂದಿರಲಿಲ್ಲ, ಒಂದೊಂದು ಓಟಿಗೂ ಬೆಲೆ ಕಟ್ಟುತ್ತಿದ್ದರು. ಸೋತವರು ದೂರು ಕೊಟ್ಟರು, ವಿಚಾರಣೆ ನಡೆಯಿತು, 1866ರಲ್ಲಿ ಪೆಂಡರನ ಗೆಲುವು ರದ್ದಾಯಿತು. ಮರುವರ್ಷದ ಸುಧಾರಣಾ ಕಾಯಿದೆ ಟಾಟ್ನೆಸ್ಸನ್ನೂ ಅಂಥದೇ ಇನ್ನು ಮೂರು ಪಟ್ಟಣಗಳನ್ನೂ ಭ್ರಷ್ಟಾಚಾರಕ್ಕಾಗಿ ಕ್ಷೇತ್ರಗಳ ಪಟ್ಟಿಯಿಂದಲೇ ಅಳಿಸಿಹಾಕಿತು. ಕಾಲದ ಕುಹಕ ನೋಡಿ. ಜಗತ್ತು ಅಟ್ಲಾಂಟಿಕ್ ಕೇಬಲ್ಲಿಗೆ ಚಪ್ಪಾಳೆ ತಟ್ಟಿದ ವರ್ಷವೇ ಅದರ ಹಣವಂತ ಸಂಸತ್ತಿನಿಂದ ಹೊರಬಿದ್ದ. ಪದವಿ ತಪ್ಪಿದ್ದು ಅದಕ್ಕೇ ಇದ್ದೀತು ಎಂದು ನನ್ನ ಊಹೆ. ‘ಸರ್’ ಪಟ್ಟಕ್ಕಾಗಿ ಅವನು 1888ರವರೆಗೆ ಕಾಯಬೇಕಾಯಿತು.

ಲಿಬರಲ್ಲರು ಆಗ ಮುಕ್ತ ವ್ಯಾಪಾರದ ಪಕ್ಷ. ಸರ್ಕಾರ ದೂರವಿರಲಿ, ಪೇಟೆ ತನ್ನ ಪಾಡಿಗೆ ನಡೆಯಲಿ ಎಂಬುದು ಮ್ಯಾಂಚೆಸ್ಟರಿನ ಮಂತ್ರ. ಆ ಮಂತ್ರ ಜಪಿಸುತ್ತಲೇ ಪೆಂಡರ್ ಬೆಳೆದದ್ದು ಸರ್ಕಾರ ಸುರಿದ ದುಡ್ಡಿನಿಂದ! 1868ರ ಕಾಯಿದೆಯಂತೆ ಬ್ರಿಟನ್ನಿನ ಒಳನಾಡಿನ ಟೆಲಿಗ್ರಾಫ್ ಕಂಪನಿಗಳನ್ನೆಲ್ಲ ಅಂಚೆ ಇಲಾಖೆ ಕೊಂಡುಕೊಂಡಿತು, ಅದೂ ಧಾರಾಳ ಬೆಲೆಗೆ. ಪೆಂಡರನ ಮ್ಯಾಗ್ನೆಟಿಕ್ ಕಂಪನಿಯೂ ಅದರಲ್ಲಿ ಸೇರಿತ್ತು. ಷೇರುದಾರರ ಕೈತುಂಬ ಹಣ, ಎಲ್ಲಿ ಹಾಕಬೇಕೆಂಬ ಚಿಂತೆ. ಬನ್ನಿ, ಕಡಲಿಗೆ ಹಾಕಿ ಎಂದ ಪೆಂಡರ್.

ಅವನ ನಿಜವಾದ ಪ್ರತಿಭೆ ಹೊರಬಿದ್ದದ್ದು ಇಲ್ಲಿ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಕೇಬಲ್ ಎಂದರೆ ಹೂಡುವವನ ಎದೆ ನಡುಗುತ್ತದೆ. ಹಿಂದೊಮ್ಮೆ, 1859–60ರಲ್ಲಿ, ಕೆಂಪು ಸಮುದ್ರದ ಕೇಬಲ್ ಪೂರ್ತಿ ಕೆಟ್ಟು, ಹೊಣೆ ಹೊತ್ತಿದ್ದ ಬ್ರಿಟಿಷ್ ಸರ್ಕಾರ ವರ್ಷವರ್ಷವೂ ದಂಡ ತೆರುತ್ತಿತ್ತು. ಅದಕ್ಕೇ ಪೆಂಡರ್ ದಾರಿಯನ್ನು ತುಂಡುತುಂಡು ಮಾಡಿದ. ಇಂಗ್ಲೆಂಡಿನಿಂದ ಜಿಬ್ರಾಲ್ಟರ್, ಮಾಲ್ಟಾದವರೆಗೆ ಒಂದು ಕಂಪನಿ. ಮಾಲ್ಟಾದಿಂದ ಅಲೆಕ್ಸಾಂಡ್ರಿಯಾಕ್ಕೆ ಇನ್ನೊಂದು. ಸೂಯೆಜ್‌ನಿಂದ ಏಡನ್ ಹಾದು ಮುಂಬಯಿಗೆ ಮತ್ತೊಂದು. ಒಂದು ಮುಳುಗಿದರೂ ಉಳಿದವು ಬದುಕಬೇಕು. ಎಲ್ಲವಕ್ಕೂ ಕೇಬಲ್ ಮಾಡಿಕೊಡುವುದು ಪೆಂಡರನದೇ ಕಾರ್ಖಾನೆ! ತಂತಿ ಹಾಸಿ, ಲಾಭ ಕಂಡು, ಅಪಾಯ ಕಳೆದ ಮೇಲೆ ಎಲ್ಲವನ್ನೂ ಒಟ್ಟುಗೂಡಿಸಿ 1872ರಲ್ಲಿ ಈಸ್ಟರ್ನ್ ಟೆಲಿಗ್ರಾಫ್ ಕಂಪನಿ ಮಾಡಿದ. ಮರುವರ್ಷ ಗ್ಲೋಬ್ ಟೆಲಿಗ್ರಾಫ್ ಅಂಡ್ ಟ್ರಸ್ಟ್. ಒಂದು ಷೇರು ಕೊಂಡರೆ ಹತ್ತಾರು ಕೇಬಲ್ ಕಂಪನಿಗಳಲ್ಲಿ ಚೂರುಚೂರು ಪಾಲು. ಇಂದು ನಾವು ಮ್ಯೂಚುವಲ್ ಫಂಡಿನಲ್ಲಿ ಮಾಡುವುದೂ ಇದನ್ನೇ ಅಲ್ಲವೇ? ಥಾಮ್ಸನ್ ತಂತಿಯಲ್ಲಿ ಮಿಂಚನ್ನು ಪಳಗಿಸಿದರೆ ಪೆಂಡರ್ ಹಣದ ಅಂಜಿಕೆಯನ್ನು ಪಳಗಿಸಿದ. ನನ್ನ ಕೇಳಿದರೆ ಎರಡನೆಯದೇ ಕಷ್ಟದ್ದು.

ಗ್ರೇಟ್ ಈಸ್ಟರ್ನ್ ಆಫ್ರಿಕವನ್ನು ಸುತ್ತು ಹಾಕಿಕೊಂಡು ಮುಂಬಯಿಗೆ ಬಂತು. ಸೂಯೆಜ್ ಕಾಲುವೆ ತೆರೆದು ಇನ್ನೂ ಕೆಲವೇ ತಿಂಗಳು, ಆದರೆ ಈ ಮಹಾಕಾಯ ಅದರಲ್ಲಿ ಹಿಡಿಸಬೇಕಲ್ಲ! ಬಿಸಿಲಿನ ಧಗೆಗೆ ಗಟಾಪರ್ಚಾ ಕರಗದಿರಲೆಂದು ಹಡಗಿಗೆ ಬಿಳಿ ಬಣ್ಣ ಬಳಿದಿದ್ದರು. 1870ರ ಫೆಬ್ರುವರಿಯಲ್ಲಿ ಮುಂಬಯಿಯಿಂದ ಏಡನ್ ಕಡೆಗೆ ತಂತಿ ಬಿಡುತ್ತ ಹೊರಟಿತು. ಆಚೆ ತುದಿ ಜೂನಿನಲ್ಲಿ ಇಂಗ್ಲೆಂಡಿನ ದಡ ಮುಟ್ಟಿದ್ದು ಕಾರ್ನ್‌ವಾಲಿನ ಪೋರ್ತ್‌ಕರ್ನೋ ಎಂಬ ಕಣಿವೆಯಲ್ಲಿ. ಮೊದಲು ಗೊತ್ತುಮಾಡಿದ್ದು ಫಾಲ್ಮತ್ ಬಂದರು. ಅಲ್ಲಿ ಹಡಗುಗಳ ಲಂಗರು ಕೇಬಲ್ಲನ್ನು ಹರಿದೀತೆಂದು ಹೆದರಿ, ಜನವೇ ಇಲ್ಲದ ಈ ಮರಳುದಂಡೆಗೆ ಬಂದರು.

ಜೂನ್ 23ರ ರಾತ್ರಿ ಲಂಡನ್ನಿನ ಪಿಕಾಡಿಲಿ ಬಳಿ ಪೆಂಡರನ ಮನೆಯಲ್ಲಿ ಔತಣ. ರಾಜಕುಮಾರ ಬಂದಿದ್ದಾನೆ, ಶ್ರೀಮಂತರು ನೆರೆದಿದ್ದಾರೆ, ಮನೆಯೊಳಗೇ ತಂತಿಯ ಯಂತ್ರ ಇಟ್ಟಿದ್ದಾರೆ. ರಾಜಕುಮಾರ ವೈಸರಾಯ್ ಲಾರ್ಡ್ ಮೇಯೋಗೆ ಸಂದೇಶ ಕಳಿಸಿದ. ಪೋರ್ತ್‌ಕರ್ನೋ, ಜಿಬ್ರಾಲ್ಟರ್, ಮಾಲ್ಟಾ, ಅಲೆಕ್ಸಾಂಡ್ರಿಯಾ, ಸೂಯೆಜ್, ಏಡನ್, ಮುಂಬಯಿ! ಒಂದೊಂದು ಠಾಣೆಯಲ್ಲೂ ಒಬ್ಬ ಗುಮಾಸ್ತ ಬಂದ ಸಂಕೇತವನ್ನು ಓದಿ ಮುಂದಿನ ತಂತಿಗೆ ಕುಟ್ಟಬೇಕು. ಔತಣ ಮುಗಿಯುವ ಮೊದಲೇ ಇಂಡಿಯಾದಿಂದ ಉತ್ತರ ಬಂದಿತ್ತು! 1857ರ ದಂಗೆಯ ಸುದ್ದಿ ಲಂಡನ್ ಮುಟ್ಟಲು ವಾರಗಟ್ಟಲೆ ಹಿಡಿದಿತ್ತು. ಹದಿಮೂರೇ ವರ್ಷ ಕಳೆದಿತ್ತು ಅಷ್ಟೇ.

ಹತ್ತಿ ಬೆಳೆಯುವ ನಮ್ಮ ಸೀಮೆಗೂ ಈ ಕಥೆಯ ಬಿಸಿ ತಾಗಿದ್ದುಂಟು. ಅಮೆರಿಕದ ಅಂತರ್ಯುದ್ಧದಲ್ಲಿ, 1861ರಿಂದ 65ರವರೆಗೆ, ಅಲ್ಲಿನ ಹತ್ತಿ ನಿಂತುಹೋಗಿ ಮ್ಯಾಂಚೆಸ್ಟರ್ ಕಂಗಾಲಾದಾಗ ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಕುಮಟಾ ಬಂದರಿನಿಂದ ಹೊರಡುತ್ತಿದ್ದ ಕಾರಣ ‘ಕುಮಟಾ’ ಎಂಬ ಹೆಸರೇ ಲಿವರ್‌ಪೂಲಿನ ಪೇಟೆಯಲ್ಲಿ ಒಂದು ಹತ್ತಿಯ ಜಾತಿಯಾಗಿ ನಿಂತಿತು. ಯುದ್ಧ ಮುಗಿದ ಸುದ್ದಿ ಬಂದದ್ದೇ ತಡ, ಮುಂಬಯಿಯ ಪೇಟೆ ಕುಸಿದುಬಿತ್ತು. ಪೆಂಡರನ ಕೇಬಲ್ ಬಂದ ಮೇಲೆ ಲಿವರ್‌ಪೂಲಿನ ಬೆಳಗಿನ ದರ ಅದೇ ದಿನ ಮುಂಬಯಿಯ ದಲ್ಲಾಳಿಯ ಮೇಜಿನ ಮೇಲೆ! ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ರೈತನಿಗೆ ಮಾತ್ರ ಆ ದರ ಯಾರೂ ಹೇಳಲಿಲ್ಲ.

ಮುಂಬಯಿಗೆ ಬಂದ ಕೇಬಲ್ ಅಲ್ಲಿ ನಿಲ್ಲಲಿಲ್ಲ. ಸರ್ಕಾರದ ನೆಲದ ತಂತಿಯಲ್ಲಿ ಮದ್ರಾಸಿಗೆ, ಅಲ್ಲಿಂದ ಮತ್ತೆ ಪೆಂಡರನ ಕೇಬಲ್ಲಿನಲ್ಲಿ ಪೆನಾಂಗ್, ಸಿಂಗಪುರ, 1871ರಲ್ಲಿ ಹಾಂಗ್‌ಕಾಂಗ್, 1872ರಲ್ಲಿ ಆಸ್ಟ್ರೇಲಿಯ. ಆ 1872ರಲ್ಲೇ ಸ್ಕಾಟ್ಲೆಂಡಿನ ಉತ್ತರದ ತುದಿಯ ವಿಕ್ ಕ್ಷೇತ್ರದಿಂದ ಪೆಂಡರ್ ಮತ್ತೆ ಸಂಸತ್ತಿಗೆ ಬಂದ. ಹೆರಿಂಗ್ ಮೀನಿನ ವಾಸನೆ ಹೊಡೆಯುವ ಬಂದರು ಊರುಗಳು, ಬಡ ಗೇಣಿದಾರರು. ಅವರಿಗೂ ಅವನಿಗೂ ಏನು ಸಂಬಂಧವೋ! 13 ವರ್ಷ ಆ ಪೀಠದಲ್ಲಿ ಕೂತ. 1879ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಇಸಂಡ್ಲ್‌ವಾನಾದಲ್ಲಿ ಜುಲು ಸೇನೆ ಬ್ರಿಟಿಷರನ್ನು ಕೊಚ್ಚಿಹಾಕಿದ ಸುದ್ದಿ ಲಂಡನ್ನಿಗೆ ಮುಟ್ಟಿದ್ದು ಫೆಬ್ರುವರಿ 11ಕ್ಕೆ. ಗಾಬರಿಗೊಂಡ ಸರ್ಕಾರ ಸಹಾಯಧನ ಕೊಡಲು ಮುಂದಾಯಿತು, ವರ್ಷ ತುಂಬುವುದರೊಳಗೆ ಏಡನ್‌ನಿಂದ ಡರ್ಬನ್‌ಗೆ ಕೇಬಲ್ ಬಿತ್ತು. ಹಾಸಿದ್ದು ಯಾರೆಂದು ಬೇರೆ ಹೇಳಬೇಕಿಲ್ಲ.

1885ರಲ್ಲಿ ಅಲ್ಲಿನ ಜನ ಗೇಣಿದಾರರ ಪರ ನಿಂತವನನ್ನು ಗೆಲ್ಲಿಸಿ ಪೆಂಡರನನ್ನು ಮನೆಗೆ ಕಳಿಸಿದರು. ಮರುವರ್ಷ ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಪ್ರಶ್ನೆಯಲ್ಲಿ ಲಿಬರಲ್ ಪಕ್ಷ ಒಡೆದಾಗ ಅವನು ಪಕ್ಷದ ನಾಯಕ ಗ್ಲ್ಯಾಡ್‌ಸ್ಟನ್ನನ ಕೈಬಿಟ್ಟು ಲಿಬರಲ್ ಯೂನಿಯನಿಸ್ಟರ ಜೊತೆ ಹೋದ. ಅಟ್ಲಾಂಟಿಕ್ ಕೇಬಲ್ಲಿನ ಈಚೆ ತುದಿ ಇದ್ದದ್ದು ಐರ್ಲೆಂಡಿನ ವ್ಯಾಲೆನ್ಷಿಯಾ ದ್ವೀಪದಲ್ಲಿ ಎಂಬುದನ್ನು ಸುಮ್ಮನೆ ನೆನಪಿಸುತ್ತೇನೆ. 1892ರಲ್ಲಿ, 75 ದಾಟಿದ ಮೇಲೆ, ಅದೇ ವಿಕ್ ಅವನನ್ನು ಮತ್ತೆ ಆರಿಸಿತು. ಅಷ್ಟು ಹೊತ್ತಿಗೆ ಮುಕ್ತ ವ್ಯಾಪಾರದ ಭಕ್ತ ಪೂರ್ತಿ ಏಕಸ್ವಾಮಿಯಾಗಿದ್ದ. ಕೆನಡಾದಲ್ಲಿ ಸ್ಯಾಂಡ್‌ಫರ್ಡ್ ಫ್ಲೆಮಿಂಗ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡ್ ಸಂಜಾತ, ಶಾಂತಸಾಗರದಲ್ಲಿ ಸರ್ಕಾರಗಳೇ ಕೇಬಲ್ ಹಾಸಲಿ ಎಂದು ವರ್ಷಗಟ್ಟಲೆ ಬಡಿದಾಡಿದ. ಪೆಂಡರ್ ಕೊನೆಯುಸಿರಿನವರೆಗೂ ಅದಕ್ಕೆ ಅಡ್ಡಗಾಲು ಹಾಕಿದ. ಆ ಕೇಬಲ್ ಬಂದದ್ದು 1902ರಲ್ಲಿ, ಪೆಂಡರ್ ಸತ್ತು ಆರು ವರ್ಷಕ್ಕೆ.

ಅವನು ತೀರಿಕೊಂಡದ್ದು 1896ರ ಜುಲೈ 7ರಂದು. ನನಗೆ ಅತಿ ರೋಮಾಂಚನ ತಂದ ಭಾಗ ಶುರುವಾಗುವುದು ಆಮೇಲೆ! ಗೆಳೆಯರು ಸ್ಮಾರಕ ನಿಧಿ ಕೂಡಿಸಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಕೊಟ್ಟರು. ಅಲ್ಲಿನ ವಿದ್ಯುತ್ ಎಂಜಿನಿಯರಿಂಗ್ ಪೀಠಕ್ಕೆ ಪೆಂಡರನ ಹೆಸರು ಬಂತು. ಮೊದಲ ಪೆಂಡರ್ ಪ್ರೊಫೆಸರ್ ಆ್ಯಂಬ್ರೋಸ್ ಫ್ಲೆಮಿಂಗ್. ಈ ಫ್ಲೆಮಿಂಗ್ ಹೋಗಿ ಹೋಗಿ ಸೇರಿದ್ದು ಯಾರನ್ನು? ತಂತಿಯೇ ಬೇಡ ಎನ್ನುತ್ತಿದ್ದ ಮಾರ್ಕೋನಿಯನ್ನು! 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ದಾಟಿದ ನಿಸ್ತಂತು ಸಂಕೇತದ ಪ್ರಸಾರ ಯಂತ್ರದ ವಿನ್ಯಾಸ ಫ್ಲೆಮಿಂಗನದೇ. ಅದು ನಿಂತಿದ್ದದ್ದೂ ಕಾರ್ನ್‌ವಾಲಿನಲ್ಲೇ. ಬೆಚ್ಚಿಬಿದ್ದ ಈಸ್ಟರ್ನ್ ಕಂಪನಿ ಮಾರ್ಕೋನಿಯ ಸಂದೇಶಗಳನ್ನು ಕದ್ದು ಕೇಳಲು ಪೋರ್ತ್‌ಕರ್ನೋ ಬಳಿ ಎತ್ತರದ ಕಂಬ ನೆಡಿಸಿತು. ಆ ಕೆಲಸಕ್ಕೆ ನೇಮಿಸಿದ್ದು ನೆವಿಲ್ ಮ್ಯಾಸ್ಕೆಲಿನ್ ಎಂಬ ಜಾದೂಗಾರನನ್ನು! 1903ರ ಜೂನಿನಲ್ಲಿ ಫ್ಲೆಮಿಂಗ್ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ನಿಸ್ತಂತುವಿನ ಗುಟ್ಟು ಹೊರಬೀಳದೆಂದು ತೋರಿಸಲು ಹೊರಟಾಗ ಮ್ಯಾಸ್ಕೆಲಿನ್ ಸಮೀಪದಿಂದಲೇ ಸಂಕೇತ ನುಗ್ಗಿಸಿ, ಇಲಿ ಇಲಿ ಇಲಿ ಎಂದು ಯಂತ್ರದ ಬಾಯಲ್ಲಿ ಹೇಳಿಸಿ, ಮಾರ್ಕೋನಿಯನ್ನು ಲೇವಡಿ ಮಾಡುವ ಪದ್ಯವನ್ನೂ ತೂರಿಬಿಟ್ಟ. ಪೆಂಡರನ ಕಂಪನಿಯ ಗೂಢಚಾರ ಪೆಂಡರ್ ಪ್ರೊಫೆಸರರ ಸಭೆ ಕೆಡಿಸಿದ! ಜಗತ್ತಿನ ಮೊದಲ ಹ್ಯಾಕಿಂಗ್ ಇದೇ ಎನ್ನುವವರಿದ್ದಾರೆ.

ಕೊನೆಗೆ 1920ರ ದಶಕದಲ್ಲಿ ಅಗ್ಗದ ನಿಸ್ತಂತು ಕೇಬಲ್ಲಿನ ಲಾಭ ತಿಂದುಹಾಕಿತು. 1929ರಲ್ಲಿ ಎರಡೂ ಪಾಳೆಯಗಳನ್ನು ಕೂಡಿಸಿ ಒಂದೇ ಸಂಸ್ಥೆ ಮಾಡಿದರು. 1934ರಿಂದ ಅದರ ಹೆಸರು ಕೇಬಲ್ ಅಂಡ್ ವೈರ್‌ಲೆಸ್. ಇಂಡಿಯಾದಲ್ಲೂ 1932ರಲ್ಲಿ ಹಾಗೇ ಆಯಿತು. ಮುಂಬಯಿ, ಮದ್ರಾಸಿನ ಆ ಹಳೆಯ ಕೇಬಲ್ ಕಾರ್ಯಾಚರಣೆಯೂ ರೇಡಿಯೋ ಕಂಪನಿಯೂ ಸೇರಿ ಇಂಡಿಯನ್ ರೇಡಿಯೋ ಅಂಡ್ ಕೇಬಲ್ ಕಮ್ಯುನಿಕೇಷನ್ಸ್ ಹುಟ್ಟಿತು. 1947ರಲ್ಲಿ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡು ಓವರ್‌ಸೀಸ್ ಕಮ್ಯುನಿಕೇಷನ್ಸ್ ಸರ್ವಿಸ್ ಎಂದಿತು. 1986ರಲ್ಲಿ ಅದೇ ಹೊಸ ಹೆಸರು ಹೊತ್ತು ಬಂತು. ಯಾವ ಹೆಸರು ಹೇಳಿ? ವಿಎಸ್‌ಎನ್‌ಎಲ್! 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದ ಅದೇ ವಿಎಸ್‌ಎನ್‌ಎಲ್. ಆಮೇಲೆ ಬೆಂಗಳೂರಿನ ಮನೆಗಳಲ್ಲಿ ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ ಕೀಂಯ್ ಕರ್ರ್ ಸದ್ದು ಕೇಳುತ್ತ ಕಾದವರಿಗೆ, ತಾವು ಸ್ಕಾಟ್ಲೆಂಡಿನ ಬಟ್ಟೆ ವ್ಯಾಪಾರಿಯೊಬ್ಬನ ಕಂಪನಿಯ ಮರಿಮಗನ ಬಾಗಿಲು ತಟ್ಟುತ್ತಿದ್ದೇವೆಂದು ಕನಸಿನಲ್ಲಾದರೂ ಹೊಳೆದಿತ್ತೇ?

2002ರಲ್ಲಿ ವಿಎಸ್‌ಎನ್‌ಎಲ್ ಟಾಟಾ ಕೈಗೆ ಹೋಯಿತು. ಅದೇ ವರ್ಷ ಭಾರ್ತಿ ಮತ್ತು ಸಿಂಗ್‌ಟೆಲ್ ಕೂಡಿ ಚೆನ್ನೈನಿಂದ ಸಿಂಗಪುರಕ್ಕೆ ಸುಮಾರು 3,200 ಕಿಲೋಮೀಟರ್ ಗಾಜಿನ ಎಳೆಯ ಕೇಬಲ್ ಹಾಸಿದವು. ಪೆಂಡರನ ತಾಮ್ರದ ತಂತಿ ಮದ್ರಾಸಿನಿಂದ ಹೊರಟು 131 ವರ್ಷವಾಗಿತ್ತು. ಪಶ್ಚಿಮಕ್ಕೆ ಮುಂಬಯಿಯಿಂದ ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್ ಎಂಬ ದಾರಿಯೂ ಹಾಗೇ ಇದೆ. 2024ರ ಆರಂಭದಲ್ಲಿ ಕೆಂಪು ಸಮುದ್ರದಲ್ಲಿ ಒಮ್ಮೆಗೇ ಕೆಲವು ಕೇಬಲ್ ಕಡಿದು, ಏಷ್ಯಾ–ಯುರೋಪ್ ನಡುವಿನ ಇಂಟರ್ನೆಟ್ಟನ್ನು ಕಂಪನಿಗಳು ಅವಸರ ಅವಸರವಾಗಿ ಬೇರೆ ದಾರಿಗೆ ತಿರುಗಿಸಬೇಕಾಯಿತು. ದುರಸ್ತಿಗೆ ಇಂದೂ ಹಡಗೇ ಹೋಗಬೇಕು, ಕೊಕ್ಕೆ ಬಿಟ್ಟು ತುದಿ ಹುಡುಕಿ ಮೇಲೆತ್ತಿ ಬೆಸೆಯಬೇಕು.